ಡಾಂಬರಿನ ಮೇಲೆ ಕಳೆ ಕೀಳುವ ಸಾಲು

ಕಳೆದ ಸೋಮವಾರ, ಬೆಳಗ್ಗೆ ಎಂಟೂವರೆ. ಗುಂಡ್ಲುಪೇಟೆಯಿಂದ ನಮ್ಮೂರಿಗೆ ಬರುವ ರಸ್ತೆ, ಶಾಲೆಯ ಮುಂದೆ. ಹಾಜರಿದ್ದವರು: ಕೂಲಿ ಹೆಂಗಸರು ಮೂವತ್ತೊಂದು, ಅಂಗಡಿ ಜಗಲಿಯ ಮೇಲೆ ಗಂಡಸರು ಹನ್ನೆರಡು, ಜಲ್ಲಿ ತುಂಬಿದ ಟಿಪ್ಪರ್ ಆರು. (ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು, ತಲೆ ಎಣಿಸದೆ ಇರಲಾರೆ.)

ವಿಷಯ ಇಷ್ಟೆ. ಹಿಂದಿನ ತಿಂಗಳು ಒಂದು ಟಿಪ್ಪರ್ ಆರನೇ ಕ್ಲಾಸಿನ ಭವ್ಯಳ ಬ್ಯಾಗಿಗೆ ತಗುಲಿ, ಹುಡುಗಿ ಚರಂಡಿಗೆ ಬಿದ್ದಳು. ಪುಣ್ಯಕ್ಕೆ ಉಳಿದಳು. ಅಜ್ಜಿ ಮಾದೇವಮ್ಮ ಅಂದೇ ಶಾಲೆ ಬಿಡಿಸಿದರು.

ನಾವು ಗಂಡಸರು ಏನು ಮಾಡಿದೆವು? ಮೂರು ಮನವಿ ಕೊಟ್ಟೆವು. (ಬರೆದವನು ನಾನೇ. ಅಕ್ಷರ ಮುದ್ದಾಗಿತ್ತು.)

ಮಾದೇವಮ್ಮ ಮನವಿ ಬರೆಯಲಿಲ್ಲ. ಕೆಲಸದ ಜೊತೆಗಾತಿಯರನ್ನು ಕರೆತಂದು ರಸ್ತೆಗೆ ಅಡ್ಡ ಕೂತರು. ಶಾಲೆಯ ಹೊತ್ತಿನಲ್ಲಿ ಟಿಪ್ಪರ್ ಬರಬಾರದು, ಅಷ್ಟೆ.

ನಾನು ಸುಮ್ಮನಿರುತ್ತೇನೆಯೇ? “ಎರಡು ಸಾಲು ಮಾಡಿ, ಎತ್ತರದವರು ಹಿಂದೆ” ಎಂದೆ.

“ಸುಮ್ಕೆ ಕುಂತ್ಕಳಿ ಮೇಷ್ಟ್ರೇ. ಸಾಲು ಕೂರೋದ ನಮ್ಗೇ ಯೋಳ್ಕೊಟ್ಟೀರಾ?” ಎಂದರು ಮಾದೇವಮ್ಮ. ಜಗಲಿಯೇ ನಕ್ಕಿತು.

ಅರಿಸಿನದ ಹೊಲದಲ್ಲಿ ಇವರು ಕಳೆ ಕೀಳುವುದನ್ನು ನೋಡಿದ್ದೀರಾ? ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬಳು ನೀರು ಕುಡಿಯಲು ಎದ್ದರೆ ಪಕ್ಕದವರಿಬ್ಬರು ಅವಳ ಸಾಲನ್ನೂ ಹಿಡಿಯುತ್ತಾರೆ. ಯಾರೂ ಹೇಳುವುದಿಲ್ಲ, ಕೇಳುವುದಿಲ್ಲ. ಡಾಂಬರಿನ ಮೇಲೂ ಅದೇ! ಒಬ್ಬಳು ಮಗುವಿಗೆ ಹಾಲೂಡಿಸಲು ಎದ್ದಳು. ಖಾಲಿ ಜಾಗ ತಕ್ಷಣ ಮುಚ್ಚಿತು. ಬಂದಳು, ಮತ್ತೆ ತೆರೆಯಿತು. ಮೂವತ್ತು ವರ್ಷ ಸೀಟಿ ಊದಿದರೂ ನನ್ನ ಮಕ್ಕಳು ಹೀಗೆ ನಿಂತದ್ದಿಲ್ಲ.

ಸಬ್ ಇನ್‌ಸ್ಪೆಕ್ಟರ್ ಬಂದರು. “ನಿಮ್ಮ ಲೀಡರ್ ಯಾರಮ್ಮ?” ಎಂದು ಮಾದೇವಮ್ಮನನ್ನು ಪಕ್ಕಕ್ಕೆ ಕರೆದರು. ಮುಂದಾಳು ಎದ್ದರೆ ಉಳಿದವರೂ ಏಳುತ್ತಾರೆ ಎಂಬ ಲೆಕ್ಕ. (ಒಪ್ಪಿಕೊಳ್ಳುತ್ತೇನೆ, ನನ್ನ ಲೆಕ್ಕವೂ ಅದೇ.)

ಮಾದೇವಮ್ಮ ಎದ್ದರು. ಪಕ್ಕದ ಸಿದ್ದಮ್ಮ ಆ ಖಾಲಿ ಜಾಗಕ್ಕೆ ಸರಿದು ಕೂಗಿದರು: “ನಿಧಾನುಕ್ಕೆ ಮಾತಾಡ್ಕ ಬಾ ಅಕ್ಕ. ನಿನ್ ಸಾಲ್ನ ನಾ ನೋಡ್ಕತೀನಿ!”

ನಾನು ಜಗಲಿಯಿಂದ ಎದ್ದೇ ನಿಂತೆ.

ಹನ್ನೆರಡಕ್ಕೆ ತಾಲ್ಲೂಕಿನ ಅಧಿಕಾರಿ ಬಂದು ಕೇಳಿಸಿಕೊಂಡರು. ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ ಟಿಪ್ಪರ್ ಬಿಡುವುದಿಲ್ಲ ಎಂದು ಅಲ್ಲೇ ಬರೆದರು. ಬರೆದ ಕಾಗದವನ್ನು ಜಗಲಿಯತ್ತ ಚಾಚಿ, “ಯಜಮಾನರು ರುಜು ಹಾಕಿ” ಎಂದರು.

ನಾವೂ ಎದ್ದೆವಲ್ಲ! ನನ್ನ ಪೆನ್ನಿನ ಕ್ಯಾಪ್ ಆಗಲೇ ತೆರೆದಿತ್ತು.

“ಬಿಸ್ಲಲ್ಲಿ ಬೆಂದೋರು ನಾವು, ರುಜು ಅವ್ರುದಾ ಸ್ವಾಮಿ?” ಎಂದರು ಮಾದೇವಮ್ಮ.

ನಾವು ಕೂತೆವು. ಕಾಗದದ ಮೇಲೆ ಇಪ್ಪತ್ತು ರುಜು, ಹನ್ನೊಂದು ಹೆಬ್ಬೆಟ್ಟು ಬಿದ್ದವು.

ಸಂಜೆ ಶಾಲೆ ಬಿಟ್ಟಾಗ ಹೋಗಿ ನೋಡಿದೆ. ಒಂದೂ ಟಿಪ್ಪರ್ ಇಲ್ಲ. ಬರುವಾಗ ಮಾದೇವಮ್ಮನ ಅಂಗಳದಲ್ಲಿ ಬಟ್ಟೆ ಒಗೆಯುವ ಸದ್ದು. ಭವ್ಯಳ ಯೂನಿಫಾರಂ!

“ನಾಳಿಕ್ಕೆ ಎಂಟ್ ಗಂಟ್ಗೇ ರೆಡಿಯಾಗ್ಬುಡು ಕಣಮ್ಮಿ. ಒಣುಗ್ದಿದ್ರೆ ಇಸ್ತ್ರಿ ಮಾಡನ” ಎನ್ನುತ್ತಾ ಅದನ್ನು ಹಿಂಡಿ ತಂತಿಗೆ ಹಾಕಿದರು.

ಐದೂಮುಕ್ಕಾಲು. ಆ ದಿನದ ಕೊನೆಯ ಕೆಲಸವೂ ಮುಗಿಯಿತು. ಅದನ್ನೂ ಮಾಡಿದವರು ಯಾರು, ನೋಡಿದಿರಾ?