ಹಿಂತೆಗೆದುಕೊಂಡ ಸಾಕ್ಷಿ

ಮುಳ್ಳು ಚುಚ್ಚಿದ್ದು ನನಗೆ ಗೊತ್ತಾಗಲೇ ಇಲ್ಲ.

ಅಗರಖೇಡದಲ್ಲಿ ಮನೆಕೂಟದ ಪ್ರಾರ್ಥನೆ ಮುಗಿಸಿ, ನಿಂಬೆ ತೋಟದ ಬದುವಿನ ಮೇಲೆ ನಡೆದು, ಬೈಕ್ ಹತ್ತಿ ಇಂಡಿಗೆ ಬಂದು ಊಟವನ್ನೂ ಮಾಡಿದ್ದೆ. ಚಾಪೆ ಎತ್ತುವಾಗ ಹೆಂಡತಿ ಎಸ್ತರ ರಕ್ತ ನೋಡಿದಳು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ನಿಂಬೆ ಮುಳ್ಳು ಚಪ್ಪಲಿಯನ್ನೂ ತೂರಿ ಒಳಗೆ ಮುರಿದಿತ್ತು. ಅವಳು ಪಿನ್ನು ಹಿಡಿದು ಕೀಳುತ್ತಿದ್ದಳು. ನಾನು ಭಾನುವಾರದ ಪ್ರಸಂಗಕ್ಕೆ ಬೈಬಲಿನಲ್ಲಿ ವಾಕ್ಯ ಹುಡುಕುತ್ತಿದ್ದೆ.

"ನೋವು ಆಗವಲ್ದೇನ್ರಿ?"

"ಏನೂ ಆಗವಲ್ದು."

ಅವಳು ನನ್ನ ಮುಖ ನೋಡಿದಳು. "ಶುಗರ್ ಚೆಕ್ ಮಾಡ್ಸೂಣು ಬರ್ರಿ."

"ಶುಗರ್ ಹೋಗಿದ್ದು ಹೋಗೇತಿ. ಮತ್ತ ಆ ಮಾತು ತಗೀಬ್ಯಾಡ."

ಆ ಮಾತು ತೆಗೆಯಬಾರದೆನ್ನಲು ಕಾರಣವಿತ್ತು. ಎರಡು ವರ್ಷದ ಹಿಂದೆ ಮನಗೂಳಿಯಲ್ಲಿ, ವಿಶ್ವಾಸವನ್ನು ಹುರಿದುಂಬಿಸುವ ಉಜ್ಜೀವನ ಕೂಟದಲ್ಲಿ ನಾನು ಸಾಕ್ಷಿ ಹೇಳಿದ್ದೆ. ನಮ್ಮ ಸಭೆಗಳಲ್ಲಿ ಸಾಕ್ಷಿ ಎಂದರೆ ದೇವರು ನಮಗೆ ಏನು ಮಾಡಿದನೆಂದು ಎಲ್ಲರ ಮುಂದೆ ನಿಂತು ಹೇಳುವುದು. ನಾನು ಇಪ್ಪತ್ತೊಂದು ದಿನ ಉಪವಾಸವಿದ್ದೆ, ಒಂದು ರಿಪೋರ್ಟ್ ನಾರ್ಮಲ್ ಬಂದಿತ್ತು. ಹೊಟ್ಟೆಗಿಲ್ಲದವನ ಶುಗರ್ ಇಳಿಯದೆ ಏರೀತೇ ಎಂದು ಈಗ ಅನ್ನಿಸುತ್ತದೆ, ಆಗ ಹೊಳೆಯಲಿಲ್ಲ. ಮೈಕ್ ಹಿಡಿದು, "ಕರ್ತನು ನನ್ನನ್ನು ಸ್ವಸ್ಥ ಮಾಡಿದ್ದಾನೆ" ಎಂದು ಕೂಗಿ, ಗುಳಿಗೆಯ ಡಬ್ಬಿಯನ್ನು ವೇದಿಕೆಯಿಂದ ಆಚೆ ಎಸೆದೆ. ಇಡೀ ಪೆಂಡಾಲು ಎದ್ದು ನಿಂತಿತು.

ಸುಳ್ಳು ಹೇಳಿರಲಿಲ್ಲ, ನಂಬಿದ್ದೆ. ಆದರೆ ಆ ಸಾಕ್ಷಿ ನನಗಿಂತ ಮೊದಲೇ ಊರೂರು ತಲುಪುತ್ತಿತ್ತು. ಗೊಳಸಂಗಿಯವರು ಕರೆದರು, ಮುದ್ದೇಬಿಹಾಳದವರು ಕರೆದರು. ಹೋದಲ್ಲೆಲ್ಲ ಅದನ್ನೇ ಹೇಳಿದೆ. ಕೆಲವು ತಿಂಗಳಲ್ಲಿ ಬಾಯಿ ಒಣಗತೊಡಗಿತು, ಪ್ರಸಂಗದ ನಡುವೆ ಮೂತ್ರಕ್ಕೆ ಎದ್ದು ಹೋಗುವಂತಾಯಿತು. ಒಳಗೊಳಗೇ ತಿಳಿದುಹೋಯಿತು. ಒಂದು ಸಲ ಸಿಂದಗಿಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಒಂದು ಸ್ಟ್ರಿಪ್ ಗುಳಿಗೆ ಕೊಂಡೆ. ಮೆಟ್ಟಿಲಿಳಿಯುವಷ್ಟರಲ್ಲಿ ಒಬ್ಬ ವಿಶ್ವಾಸಿ ಎದುರಾದ. "ವಂದನೆ ಪಾಸ್ಟರ್ರ, ಯಾರಿಗ ಆರಾಮಿಲ್ರಿ?" ಯಾರಿಗೋ ಎಂದೆ. ಸ್ಟ್ರಿಪ್ಪನ್ನು ಗಟಾರಕ್ಕೆ ಹಾಕಿ ಮನೆಗೆ ಬಂದೆ. ಮತ್ತೆ ಕೊಳ್ಳಲಿಲ್ಲ.

ಮುಳ್ಳು ಚುಚ್ಚಿದ ಹನ್ನೊಂದನೆಯ ದಿನ ಬೆರಳು ಕಪ್ಪಾಯಿತು.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, "ಗುಳಿಗಿ ಯಾವಾಗ ಬಿಟ್ರಿ?" ಎಂದು ಕೇಳಿದರು. ಎಸ್ತರ ಹೇಳಿದಳು. ಅವರು ಬೈಯಲಿಲ್ಲ. ಗ್ಯಾಂಗ್ರೀನ್ ಆಗಿದೆ, ಎರಡು ಬೆರಳು ತೆಗೆಯಬೇಕು, ತಡ ಮಾಡಿದರೆ ಪಾದವೇ ಹೋಗುತ್ತದೆ ಎಂದರು. ಸಹಿ ಮಾಡಿದೆ.

ಎರಡು ಬೆರಳು ಹೋದವು.

ಆಮೇಲೆ ವಾರ್ಡು. ಸಲೈನ್, ಇನ್ಸುಲಿನ್, ದಿನಕ್ಕೊಮ್ಮೆ ಡ್ರೆಸಿಂಗ್. ಯಾರು ಬಂದರೂ ಎದ್ದು ಹೋಗುವ ಹಾಗಿಲ್ಲ. ಇಷ್ಟು ವರ್ಷ ನಾನು ರೋಗಿಗಳ ಮಂಚದ ಪಕ್ಕ ನಿಂತವನು. ಸುತ್ತ ನಿಂತು ಪ್ರಾರ್ಥಿಸುವವರು ಮಲಗಿದವನಿಗೆ ಗೋಡೆಯ ಹಾಗೆ ಕಾಣುತ್ತಾರೆಂದು ನನಗೆ ಗೊತ್ತಿರಲಿಲ್ಲ. ಉಸಿರು ಕಟ್ಟುತ್ತಿತ್ತು. ಸಭೆಯ ಹಿರಿಯರಾದ ಯೋಹಾನಪ್ಪನವರು ಬಗ್ಗಿ ಮೆಲ್ಲಗೆ ಹೇಳಿದರು: "ಮುಳ್ಳ ಚುಚ್ಚಿ ಸೆಪ್ಟಿಕ್ ಆಗೇತಿ ಅಂತ ಮಂದಿಗೆ ಹೇಳೇವ್ರಿ. ಶುಗರ್ ಮಾತು ಬ್ಯಾಡ. ನಿಮ್ಮ ಸಾಕ್ಷಿಗೆ ಧಕ್ಕಿ ಬರ್ತೈತಿ."

ಮುಳ್ಳು ಚುಚ್ಚಿದ್ದು ನಿಜವೇ ತಾನೆ? ತಲೆಯಾಡಿಸಿದೆ.

ಮರುದಿನ ಶಾಂತವ್ವ ಬಂದಳು. ಅಗರಖೇಡದಲ್ಲಿ ನಿಂಬೆಕಾಯಿ ಆರಿಸುವ ಕೂಲಿ ಅವಳದು. ನಮ್ಮ ಮನೆಕೂಟ ನಡೆಯುವುದು ಅವಳ ಮನೆಯಲ್ಲೇ. ನೆರೆಮನೆಯವಳ ಕೈ ಹಿಡಿದು ಒಳಗೆ ಬಂದು, ಮಂಚದ ಅಂಚನ್ನು ತಡಕಾಡಿ ಹುಡುಕಿದಳು.

"ಕಣ್ಣ ಮಬ್ಬಾಗ್ಯಾವ್ರಿ ಪಾಸ್ಟರ್ರ. ಕಾಯಿ ಯಾವುದು, ಎಲಿ ಯಾವುದು ತಿಳೀವಲ್ದು. ಖರೆ ನಾ ಹೆದರಿಲ್ಲ. ಮನಗೂಳ್ಯಾಗ ನೀವು ಡಬ್ಬಿ ಒಗದ ದಿನಾನ ನಾನೂ ಶುಗರ್ ಗುಳಿಗಿ ಒಗದೇನಿ. ನಿಮಗ ಮಾಡಿದ ದೇವರು ನನಗ ಮಾಡಂಗಿಲ್ಲೇನು?"

ಆಗಲೂ ನಾನು ಬಾಯಿ ಬಿಡಲಿಲ್ಲ.

ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದೆ. ಬೆರಳು ಕತ್ತರಿಸಿದ್ದನ್ನು ಬರೆಯುವುದು ಸುಲಭ, ಇದನ್ನು ಬರೆಯುವುದು ಕಷ್ಟ. ಅವಳು ಬಾಗಿಲು ದಾಟುತ್ತಿದ್ದಂತೆ ಎಸ್ತರ ನನ್ನ ಕಡೆ ತಿರುಗಿದಳು.

"ನಿಮ್ಮ ಬೆರಳ ಹೋದ್ವು, ಹೋಗ್ಲಿ. ಆಕಿ ಕಣ್ಣ ಯಾಕ ತಗೀತೀರಿ?"

ಮದುವೆಯಾದಾಗಿನಿಂದ ಅವಳು ನನಗೆ ಹೀಗೆ ಎದುರಾಡಿದ್ದಿಲ್ಲ.  ದೇವರ ಹೆಸರು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕಾಪಾಡುತ್ತಿದ್ದದ್ದು ನನ್ನ ಹೆಸರನ್ನು.

"ಆಕಿನ್ನ ಹೊಳ್ಳಿ ಕರಕೊಂಡ ಬಾ" ಎಂದೆ.

ಎಸ್ತರ ಗೇಟಿನತನಕ ಓಡಿದಳು. ಶಾಂತವ್ವ ಮತ್ತೆ ಬಂದು ಕೂತಾಗ, ಪಕ್ಕದ ಮಂಚದವರಿಗೂ ಕೇಳುವ ಹಾಗೆ ಹೇಳಿದೆ. ಶುಗರ್ ಹೋಗಿರಲಿಲ್ಲ. ನನಗದು ಯಾವತ್ತೋ ಗೊತ್ತಾಗಿತ್ತು. ಆಮೇಲೂ ಸಾಕ್ಷಿ ಹೇಳುತ್ತ ತಿರುಗಿದೆ.

ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. "ನನ್ನ ಮನ್ಯಾಗ ವಾರಾ ವಾರಾ ಚಹಾ ಕುಡದ ಹೋಗ್ತಿದ್ರೆಲ್ಲಾ. ಆವಾಗರ ಹೇಳಬಾರದಿತ್ತೇನ್ರಿ?"



ಅದೇ ದಿನ ಎಸ್ತರ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಬಲಗಣ್ಣಿಗೆ ಲೇಸರ್ ಮಾಡಿದರು, ಅದು ಉಳಿಯಬಹುದಂತೆ. ಎಡಗಣ್ಣಿನ ಬಗ್ಗೆ ಮಾತು ಕೊಡಲಿಲ್ಲ.

ಡಿಸ್ಚಾರ್ಜ್ ಆದ ಮೇಲಿನ ಮೊದಲ ಭಾನುವಾರ, ಇಂಡಿಯ ನಮ್ಮ ತಗಡಿನ ಮಂದಿರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಸಾಕ್ಷಿಯನ್ನು ಹಿಂದೆ ತೆಗೆದುಕೊಂಡೆ. ದೇವರು ಸ್ವಸ್ಥ ಮಾಡಬಲ್ಲನೆಂದು ಈಗಲೂ ನಂಬುತ್ತೇನೆ. ಆದರೆ ನನಗೆ ಆಗದೇ ಇದ್ದದ್ದನ್ನು ಆಗಿದೆ ಎಂದು ಹೇಳಿ ನಿಮ್ಮನ್ನು ದಾರಿ ತಪ್ಪಿಸಿದೆ, ಯಾರಾದರೂ ಗುಳಿಗೆ ಬಿಟ್ಟಿದ್ದರೆ ಇವತ್ತೇ ಶುರು ಮಾಡಿ ಎಂದೆ. ನಾಲ್ಕು ಮನೆಯವರು ಎದ್ದು ಹೋದರು. ಯೋಹಾನಪ್ಪನವರು ತಲೆ ಎತ್ತಲಿಲ್ಲ. ಉಜ್ಜೀವನವೆಂದರೆ ಪೆಂಡಾಲು ತುಂಬುವುದು ಎಂದುಕೊಂಡಿದ್ದವನು ನಾನು. ಅಂದು ಅರ್ಧ ಖಾಲಿಯಾದ ಮಂದಿರದಲ್ಲಿ ಎಷ್ಟೋ ತಿಂಗಳ ಮೇಲೆ ಸರಾಗವಾಗಿ ಉಸಿರಾಡಿದೆ.

ಶಾಂತವ್ವ ಎದ್ದು ಮುಂದೆ ಬಂದಳು.

"ಇವತ್ತ ಪ್ರಾರ್ಥನಾ ನಾ ಮಾಡ್ತೇನಿ. ನೀವು ತಲಿ ಬಗ್ಗಸ್ರಿ."

ನನ್ನ ತಲೆಯನ್ನು ತಡಕಿ ಹುಡುಕಿ, ಎರಡೂ ಕೈಯಿಂದ ಒತ್ತಿ ಹಿಡಿದಳು.

"ಕರ್ತಾ, ಈ ಮನಷ್ಯಾನ ಮ್ಯಾಲ ನನಗ ಭಾಳ ಸಿಟ್ಟ ಐತಿ. ಅದು ಇಳಿಯೂತನಕರ ಇವನ ಜೀವಾ ಕಾಯಿ."

ಎಲ್ಲರಿಗಿಂತ ಮೊದಲು ನಾನು ಆಮೆನ್ ಅಂದೆ.