ಪಾಳಿಯ ಸಾಯಬಣ್ಣ

ಸೊಲ್ಲಾಪುರದ ಹೊರಗಿನ ಕೆರೆಯ ಕಾಲುವೆಗೆ ಸಾಯಬಣ್ಣ ಪಾಟಕರಿ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ತೆರೆದು ಮುಚ್ಚುವುದು ಅವನ ಕೆಲಸ. ಹೆಗಲ ಮೇಲೆ ಸನಿಕೆ, ರುಮಾಲಿನ ಮಡಿಕೆಯಲ್ಲಿ ಗಡಿಯಾರ ಇಟ್ಟುಕೊಂಡು ಏರಿಯ ಮೇಲೆ ಬರಿಗಾಲಲ್ಲೇ ದಿನವೆಲ್ಲ ನಡೆಯುತ್ತಿದ್ದ. ನೀರಿನ ಸಪ್ಪಳ ಕೇಳಿಯೇ ಯಾರು ಕಾಲುವೆ ಒಡೆದಿದ್ದಾರೆಂದು ಹೇಳುತ್ತಾನೆ ಎಂದು ನಾವು ಊರವರು ನಗುತ್ತಿದ್ದೆವು. ಯಾರಾದರೂ ಮಜ್ಜಿಗೆ ತಂದರೆ, ‘ಬ್ಯಾಡ್ರಿ, ಇದನ್ನ ಕುಡದ್ರ ನಿಮ್ಮ ಪಾಳಿ ಉದ್ದ ಆಗತದ’ ಎನ್ನುವನು. ಊರಗೌಡ ಅಮೃತಪ್ಪನವರು ಇನ್ನರ್ಧ ತಾಸು ನೀರು ಕೇಳಿದರೂ, ‘ಕೆಳಗಿನ ಹೊಲದವರು ದಾರಿ ನೋಡಾಕತ್ತಾರ್ರಿ ಗೌಡ್ರ’ ಎಂದು ಮೆತ್ತಗೆ ಹೇಳಿ ತೂಬು ಇಳಿಸುವನು. ೧೯೩೬ರ ಬೇಸಿಗೆಯಲ್ಲಿ ಕೆರೆಯ ತಳ ಕಂಡಿತು, ಎಲ್ಲರ ಪಾಳಿಯೂ ಅರ್ಧಕ್ಕಿಳಿಯಿತು. ಊರಿನೊಳಗೇ ಮದುವೆ ಮಾಡಿ ಕೊಟ್ಟಿದ್ದ ಅವನ ಮಗಳು ಗುರುಲಿಂಗಮ್ಮನ ಉಳ್ಳಾಗಡ್ಡಿ ಹೊಲದಲ್ಲಿ ನಾಲ್ಕು ಸಾಲು ಒಣಗಿ ಉಳಿದವು. ‘ಅಪ್ಪಾ, ಗಡ್ಡಿ ಕಟ್ಟೂ ಹೊತ್ತದು, ಒಂದೀಟು ಬಿಡು’ ಎಂದಳು. ‘ಪಾಳಿ ಮುಗೀತವ್ವ’ ಎಂದು ಅವನು ಅವಳ ಮುಖ ನೋಡದೆ ತೂಬು ಮುಚ್ಚಿದ. ಅವಳು ಆಮೇಲೆ ಎರಡು ದಿನ ಅವನನ್ನು ಮಾತಾಡಿಸಲಿಲ್ಲ. ಮೂರನೆಯ ಮುಂಜಾನೆ ನಾನು ಆ ದಾರಿಯಲ್ಲಿ ಹೋದಾಗ, ಸಾಯಬಣ್ಣ ಅರ್ಧ ಮೈಲಿ ದೂರದ ತನ್ನ ಮನೆಯ ಬಾವಿಯಿಂದ ಕೊಡ ಹೊತ್ತು ತಂದು ಆ ನಾಲ್ಕು ಸಾಲಿಗೆ ನೀರು ಹನಿಸುತ್ತಿದ್ದ. ಎಷ್ಟು ಸಲ ಬಂದು ಹೋಗಿದ್ದನೋ, ಮೂರು ಸಾಲು ಆಗಲೇ ತೊಯ್ದಿದ್ದವು. ಬದುವಿನ ಮೇಲೆ ನಿಂತಿದ್ದ ಗುರುಲಿಂಗಮ್ಮ ಇಳಿದು ಬಂದು, ಅವನ ಹೆಗಲ ಮೇಲಿನ ಕೊಡವನ್ನು ತಾನು ಇಳಿಸಿಕೊಂಡಳು.