ಚಕ್ರದಡಿಯ ನಿಂಬೆಹಣ್ಣು

ವಿಜಾಪುರದ ಶಂಕ್ರೆಪ್ಪ ಘಾಟ್ಕೋಪರಿನ ಅರಿವೆ ವ್ಯಾಪಾರಿ ನೀಲಕಂಠಪ್ಪನವರ ಕಾರಿಗೆ ಹದಿನೆಂಟು ವರ್ಷ ಡ್ರೈವರಾಗಿದ್ದ. ಕಡೆಯ ಎರಡು ವರ್ಷ ಆ ಕಾರು ಗೇಟು ದಾಟಲಿಲ್ಲ. ಆ ಎರಡು ವರ್ಷ ಅವನು ಪಟ್ಟ ಪಾಡನ್ನು ಊರೆಲ್ಲ ಸುತ್ತುವ ಡ್ರೈವರನೂ ಪಟ್ಟಿರಲಿಕ್ಕಿಲ್ಲ ಎಂದರೆ ಜನ ನಗುತ್ತಾರೆ. ನಗಲಿ.

ಸಾವಿರದ ಒಂಬೈನೂರ ಐವತ್ಮೂರರ ದಸರೆಯಲ್ಲಿ ಕಾರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಯಜಮಾನರು ಬಂದು ಕೂತರೆ ಹಣ್ಣು ಒಡೆಯುವುದೊಂದೇ ಬಾಕಿ. ಮೆಟ್ಟಿಲಿಳಿಯುವಾಗಲೇ ಅವರಿಗೆ ಲಕ್ವಾ ಹೊಡೆಯಿತು. ಆಮೇಲೆ ಮಾಳಿಗೆಯ ಹಾಸಿಗೆಯೇ ಗತಿಯಾಯಿತು.

ಮಲಗಿದಲ್ಲೇ ಅವರದೊಂದು ಹಟ. ದಿನಾ ಬೆಳಿಗ್ಗೆ ಏಳಕ್ಕೆ ಎಂಜಿನ್ ಸಪ್ಪಳ ಕಿವಿಗೆ ಬೀಳಬೇಕು. "ಅದು ಚಾಲೂ ಆಗದ ದಿನ ಗಾಡಿ ಮಾರಿಬಿಡು. ನಾನೂ ಏಳೂದಿಲ್ಲಂತ ತಿಳ್ಕೋತೀನಿ" ಎಂದು ಹೆಂಡತಿ ಗಂಗುಬಾಯಿಗೆ ಹೇಳಿಟ್ಟಿದ್ದರು. ಗಾಡಿ ಹೋದರೆ ಐವತ್ತೈದು ದಾಟಿದ ಡ್ರೈವರನನ್ನು ಯಾರು ಕೇಳುತ್ತಾರೆ?

ಶಂಕ್ರೆಪ್ಪ ಬ್ಯಾಟರಿಯ ಸೇವೆಗೆ ನಿಂತ. ತುದಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದ, ಬ್ಯಾಟರಿ ನೀರು ತಂದು ತುಂಬಿದ, ದಿನಕ್ಕೆ ಐದು ನಿಮಿಷ ತಪ್ಪದೆ ಎಂಜಿನ್ ಓಡಿಸಿದ. ಆದರೂ ಸ್ಟಾರ್ಟರು ನರಳತೊಡಗಿತು.

ಸ್ಟೇಷನ್ ಹತ್ತಿರ ಬ್ಯಾಟರಿ ಚಾರ್ಜು ಮಾಡುವ ಉಡುಪಿಯ ಅಣ್ಣು ಬಂದು ನೋಡಿದ. "ನಿಂತಲ್ಲೇ ಶುರು ಮಾಡಿ ಬಂದ್ ಮಾಡಿದ್ರೆ ಇದ್ದದ್ದೂ ಖರ್ಚು ಮಾರಾಯ್ರೆ. ನೀವೇ ಇದನ್ನು ದಿನಾ ಸ್ವಲ್ಪ ಸ್ವಲ್ಪ ಕೊಲ್ತಾ ಇದ್ದೀರಿ. ವಾರಕ್ಕೊಮ್ಮೆ ಹತ್ತು ಮೈಲಿ ಓಡ್ಸಿ. ಇಲ್ಲಾಂದ್ರೆ ಬ್ಯಾಟರಿ ಬಿಚ್ಚಿ ಎರಡು ದಿನ ನನ್ನಲ್ಲಿ ಬಿಡಿ."

ಬಿಟ್ಟರೆ ಏಳು ಗಂಟೆಯ ಸಪ್ಪಳ ಎಲ್ಲಿಂದ ತರುವುದು? ಆ ಅಳತೆಯ ಬೇರೆ ಬ್ಯಾಟರಿ ಅಣ್ಣುವಿನಲ್ಲಿರಲಿಲ್ಲ. ಶಂಕ್ರೆಪ್ಪ ಗಂಗುಬಾಯಿಯ ಮುಂದೆ ನಿಂತ.

"ಅವ್ವಾರ, ಮುಲುಂಡ್ ತನಕ ಹೋಗಿ ಬರ್ತೀನ್ರಿ. ಬ್ಯಾಟರಿ ಉಳೀತದರಿ."

ಗಂಗುಬಾಯಿ ಬಗ್ಗಿ ಚಕ್ರದಡಿ ನೋಡಿದಳು. ನಿಂಬೆಹಣ್ಣು ಒಣಗಿ ಗೋಲಿಯಷ್ಟಾಗಿದ್ದವು. "ಅವರು ಗಾಡ್ಯಾಗ ಕೂಡೂ ತನಕಾ ಅದು ಒಡೀಬಾರದೋ ಶಂಕ್ರೆಪ್ಪ. ಏಳತಾರಂತ ನಾ ಇನ್ನೂ ನಂಬೀನಿ."

ಅತ್ತ ದರಿ, ಇತ್ತ ಪುಲಿ. ಶಂಕ್ರೆಪ್ಪ ಸ್ಟಾರ್ಟರು ಬಿಟ್ಟು, ಕಾರಿನ ಮುಂದುಗಡೆ ಸಿಕ್ಕಿಸುವ ಕಬ್ಬಿಣದ ಹ್ಯಾಂಡಲನ್ನು ಕೈಯಿಂದ ತಿರುವಿ ಎಂಜಿನ್ ಎಬ್ಬಿಸತೊಡಗಿದ. ಮೇಲೆ ಮಲಗಿದವರಿಗೆ ಹೇಗೆ ಎಬ್ಬಿಸಿದರೂ ಸಪ್ಪಳ ಒಂದೇ. ಹಾಗೆ ಎರಡನೆಯ ಮಳೆಗಾಲವೂ ಅರ್ಧ ಕಳೆಯಿತು. ಶ್ರಾವಣದ ಒಂದು ಮುಂಜಾನೆ ಹ್ಯಾಂಡಲು ಹಿಂದಕ್ಕೆ ಒದ್ದು ಅವನ ಬಲಗೈಯ ಮಣಿಕಟ್ಟು ಮುರಿಯಿತು. ಎಡಗೈಯಿಂದ ಸ್ಟಾರ್ಟರು ಒತ್ತಿದ. ಟಕ್ ಎಂದಿತು, ಅಷ್ಟೇ. ಏಳೂವರೆಯವರೆಗೂ ಒತ್ತುತ್ತಲೇ ಇದ್ದ, ಅಳುತ್ತಲೂ ಇದ್ದ.

ಎಂಟಕ್ಕೆ ಗಂಗುಬಾಯಿ ಇಳಿದು ಬಂದಳು. "ಮಾರು ಅಂದ್ರು" ಎಂದಳು. ಮುಖವನ್ನು ಗೋಡೆಗೆ ತಿರುಗಿಸಿದ ನೀಲಕಂಠಪ್ಪನವರು ಆಮೇಲೆ ಈಚೆ ತಿರುಗಲಿಲ್ಲ.

ಕೊಂಡವನು ದಹಿಸರ್‌ನಲ್ಲಿ ಕಬ್ಬಿಣದ ಅಂಗಡಿಯಿಟ್ಟ ಬೆಳಗಾವಿಯ ಮುರಿಗೆಪ್ಪ. ನಾಲ್ಕು ಜನ ತಳ್ಳಿ ಕಾರನ್ನು ಚಾಲೂ ಮಾಡಿದರು. ನಿಂಬೆಹಣ್ಣು ಒಡೆಯಲಿಲ್ಲ, ಪುಡಿಯಾದವು. ಗೇರಿನ ಮರ್ಜಿ ತೋರಿಸಿಕೊಡಲು ಶಂಕ್ರೆಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತ. ಅಂಧೇರಿ, ಬೋರಿವಲಿ ದಾಟಿ, ಹದಿನೈದು ಮೈಲಿ ಓಡಿದ ಮೇಲೆ ದಹಿಸರ್ ಬಂತು.

ಅಂಗಡಿಯ ಮುಂದೆ ಮುರಿಗೆಪ್ಪ ಎಂಜಿನ್ ಆರಿಸಿದ. ನೋಡೋಣವೆಂದು ಸ್ಟಾರ್ಟರು ಒತ್ತಿದ. ಒಂದೇ ಒತ್ತಿಗೆ ಎದ್ದಿತು.

"ಬ್ಯಾಟರಿ ಸತ್ತೈತಿ ಅಂದಿದ್ರಲ್ಲ? ಛಲೋ ಐತಲ್ಲೋ."

"ಹೂಂನ್ರಿ" ಎಂದು ಶಂಕ್ರೆಪ್ಪ ಸ್ಟೇಷನ್ನಿನ ಕಡೆ ನಡೆದ. ಮಾಳಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರಿಗೆ ಇದನ್ನು ಹೋಗಿ ಹೇಳಲೇ ಎಂದು, ಲೋಕಲ್ ರೈಲು ಬದಲಿಸಿ ಘಾಟ್ಕೋಪರ್ ಬರುವವರೆಗೂ ಯೋಚಿಸಿದ. ಹೇಳಲಿಲ್ಲ.